ಮಿಕ್ಸಿ, ಕುಕ್ಕರ್, ಸ್ಟವ್, ಫ್ರಿಜ್ ಎಲ್ಲವೂ ಹಳೆಯದಾಗಿವೆ, ಕೈಯಲ್ಲಿ ದುಡ್ಡು ಕಡಿಮೆ. ಯಾವುದನ್ನು ಮೊದಲು ಬದಲಾಯಿಸಲಿ?

ಅಪಾಯ ಇರುವ ಕಡೆ ಮೊದಲು ದುಡ್ಡು ಹಾಕಿ. ಅಂದರೆ ಗ್ಯಾಸ್ ಪೈಪಿಗೆ. ಸುರಕ್ಷಾ ಪೈಪಿನ ಆಯಸ್ಸು 5 ವರ್ಷ. ಬಿರುಕು ಬಿಟ್ಟಿದ್ದರೆ ವರ್ಷ ಲೆಕ್ಕ ಹಾಕುತ್ತಾ ಕೂರಬೇಡಿ, ಇವತ್ತೇ ಬದಲಾಯಿಸಿ. ಉರಿ ಹಳದಿಯಾಗಿ ಪಾತ್ರೆಗೆ ಮಸಿ ಹಿಡಿಯುತ್ತಿದ್ದರೆ ಹೆಚ್ಚಾಗಿ ಬರ್ನರ್ ಕಟ್ಟಿಕೊಂಡಿರುತ್ತದೆ. ಸರ್ವಿಸ್ ಮಾಡಿಸಿದರೆ ಸಾಕು.

ಕುಕ್ಕರ್‌ಗೆ ಹೊಸ ಗ್ಯಾಸ್ಕೆಟ್, ಸೇಫ್ಟಿ ವಾಲ್ವ್ ಹಾಕಿಸಿ. ಎರಡೂ ಅದೇ ಕಂಪನಿಯದ್ದಾಗಿರಲಿ. ತಳ ಉಬ್ಬಿದ್ದರೆ ಮಾತ್ರ ಹೊಸ ಕುಕ್ಕರ್ ತನ್ನಿ.

ಮಿಕ್ಸಿ ವಿಷಯದಲ್ಲೇ ಜನ ಸುಮ್ನೆ ಹಣ ಕಳೆಯುವುದು. ಮೋಟಾರ್ ತಿರುಗುತ್ತದೆ, ಜಾರಿನ ಬ್ಲೇಡ್ ತಿರುಗುವುದಿಲ್ಲ ಅಂದರೆ ಸಾಮಾನ್ಯವಾಗಿ ಮೋಟಾರಿಗೂ ಜಾರಿಗೂ ಕೊಂಡಿಯಾಗುವ ಕಪ್ಲರ್ ಸವೆದಿರುತ್ತದೆ. ಅದು ತುಂಬಾ ಅಗ್ಗದ ಪಾರ್ಟು. ಸದ್ದೇ ಇಲ್ಲವಾ? ತಳದಲ್ಲಿ ಕೆಂಪು ಬಟನ್ ಇರುತ್ತದೆ, ಮೋಟಾರ್ ತಣ್ಣಗಾದ ಮೇಲೆ ಒತ್ತಿ ನೋಡಿ. ಲೋಡ್ ಜಾಸ್ತಿಯಾದಾಗ ಅದು ತಾನಾಗಿಯೇ ಹೊರಗೆ ಬಂದು ಕರೆಂಟ್ ಕಡಿಯುತ್ತದೆ. ಒಳಗೆ ಕಿಡಿ ಹಾರುತ್ತಿದ್ದರೆ ತಿರುಗುವ ಮೋಟಾರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ನೋಡಿಸಿ. ಚಟ್ನಿ ನುಣ್ಣಗಾಗದಿದ್ದರೆ ಬ್ಲೇಡ್ ಸಾಣೆ ಹಿಡಿಸಿ, ಇಲ್ಲವೇ ಜಾರ್ ಒಂದನ್ನೇ ಕೊಳ್ಳಿ. ಮೋಟಾರ್ ಸುಟ್ಟಿದ್ದರೆ ಮಾತ್ರ ಹೊಸ ಮಿಕ್ಸಿಯ ಮಾತು.

ಫ್ರಿಜ್ ಕೊನೆಗೆ. ಬಾಗಿಲಿಗೆ ಒಂದು ನೋಟು ಸಿಕ್ಕಿಸಿ, ಮುಚ್ಚಿ, ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಹೋಗಿದೆ, ಅದನ್ನಷ್ಟೇ ಬದಲಾಯಿಸಿ. ತೀರಾ ಹಳೆ ಫ್ರಿಜ್‌ನ ಕಂಪ್ರೆಸರ್ ಕೆಟ್ಟಿದ್ದರೆ ರಿಪೇರಿಗೆ ಹಣ ಸುರಿಯಬೇಡಿ. ಹೊಸದು ಕೊಳ್ಳುವಾಗ ಸ್ಟಾರ್ ಎಣಿಸಿದರೆ ಸಾಲದು. ಅದೇ ಲೇಬಲ್ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಕರೆಂಟ್ ಅಂತ ಬರೆದಿರುತ್ತದೆ, ಆ ಅಂಕಿಯನ್ನು ಹೋಲಿಸಿ ನೋಡಿ.