ಮಗುವಿಗೆ ಭೇದಿಯಾದಾಗ ಒಆರ್‌ಎಸ್ ಎಷ್ಟು, ಹೇಗೆ ಕೊಡಬೇಕು?

ಪ್ರಮಾಣ ಮಗುವಿನ ಸ್ಥಿತಿಯನ್ನು ಅವಲಂಬಿಸಿದೆ. ಕಣ್ಣು ಗುಳಿಬಿದ್ದು, ಮಗು ರಚ್ಚೆ ಹಿಡಿದು ನೀರಿಗೆ ಹಾತೊರೆಯುತ್ತಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನವಾಗಿ ಮರಳಿದರೆ ನಿರ್ಜಲೀಕರಣವಾಗಿದೆ ಎಂದರ್ಥ. ಆಗ ಆಸ್ಪತ್ರೆಯ ನಿಗಾದಲ್ಲಿ ಪ್ರತಿ ಕೆಜಿ ತೂಕಕ್ಕೆ 75 ಮಿ.ಲೀ.ನಂತೆ 4 ಗಂಟೆಗಳಲ್ಲಿ ಕುಡಿಸಬೇಕು. 8 ಕೆಜಿ ಮಗುವಿಗೆ 600 ಮಿ.ಲೀ. ಈ ಲಕ್ಷಣಗಳಿಲ್ಲದಿದ್ದರೆ ಮನೆಯಲ್ಲೇ, ಪ್ರತಿ ಭೇದಿಯ ನಂತರ 2 ವರ್ಷದೊಳಗಿನವರಿಗೆ 50–100 ಮಿ.ಲೀ., ಅದಕ್ಕಿಂತ ದೊಡ್ಡ ಮಕ್ಕಳಿಗೆ 100–200 ಮಿ.ಲೀ.

ಎಡವಟ್ಟಾಗುವುದು ಹೆಚ್ಚಾಗಿ ಕಲಸುವಲ್ಲಿ. 1 ಲೀಟರಿನ ಪೊಟ್ಟಣದಿಂದ ಲೋಟಕ್ಕೆ ಅಂದಾಜಿನಲ್ಲಿ ಪುಡಿ ಉದುರಿಸಬೇಡಿ. ಉಪ್ಪಿನಂಶ ಹೆಚ್ಚಾದರೆ ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರಬಹುದು. ಪೊಟ್ಟಣದ ಮೇಲೆ ಬರೆದಷ್ಟೇ ಕುದಿಸಿ ಆರಿಸಿದ ನೀರಿಗೆ ಇಡೀ ಪೊಟ್ಟಣ ಹಾಕಿ. 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಿ. ವಾಂತಿಯಾದರೆ 10 ನಿಮಿಷ ಬಿಟ್ಟು, ಚಮಚದಲ್ಲಿ ನಿಧಾನವಾಗಿ ಮತ್ತೆ ಶುರುಮಾಡಿ.

ಎದೆಹಾಲು ನಿಲ್ಲಿಸಬಾರದು. ಊಟ ಮಾಡುವ ಮಗುವಾದರೆ ಗಂಜಿ, ಮೊಸರನ್ನ ಕೊಡಿ; ಹೊಟ್ಟೆ ಖಾಲಿ ಬಿಟ್ಟರೆ ಮಗು ಇನ್ನಷ್ಟು ಸೊರಗುತ್ತದೆ. ಜೊತೆಗೆ ಝಿಂಕ್: 2–6 ತಿಂಗಳಿಗೆ ದಿನಕ್ಕೆ 10 ಮಿ.ಗ್ರಾಂ, ಮೇಲ್ಪಟ್ಟವರಿಗೆ 20. ಭೇದಿ ನಿಂತರೂ 14 ದಿನ ಪೂರೈಸಿ. ಭೇದಿ ಕಟ್ಟುವ ಲೋಪೆರಮೈಡ್ ಮಾತ್ರೆ ಚಿಕ್ಕ ಮಕ್ಕಳಿಗೆ ಬೇಡವೇ ಬೇಡ.

ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ಕುಡಿಯಲಾರದಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.