ಸಿಇಟಿ ಮಾಕ್‌ನಲ್ಲಿ 140 ಬರ್ತಿದೆ, ಪ್ರಿಪರೇಟರಿಯಲ್ಲಿ 65%. ಸಿಇಟಿ ಸ್ಕೋರ್ ಪಿಯುಸಿ ಮಾರ್ಕ್ಸನ್ನ ಮುಚ್ಚುತ್ತಾ, ಒಳ್ಳೆ ಇಂಜಿನಿಯರಿಂಗ್ ಕಾಲೇಜ್ ಸಿಗುತ್ತಾ, ಇಲ್ಲ ಒಂದು ವರ್ಷ ಡ್ರಾಪ್ ತಗೊಳ್ಳಲಾ?

ಇದು ಥೇಟ್ ನನ್ನ ಸೆಕೆಂಡ್ ಪಿಯು ಕಥೆ. ಮನೇಲಿ ಬೋರ್ಡ್ ಎಕ್ಸಾಮ್ ಮಾತೆತ್ತಿದ್ರೆ "ಸಿಇಟಿ ಬಂದ್ರೆ ಸಾಕಮ್ಮ" ಅಂತಿದ್ದೆ. ಕೊನೆಗೆ ಬೋರ್ಡಲ್ಲಿ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) 300ಕ್ಕೆ 195, ಸಿಇಟಿ 180ಕ್ಕೆ 138. ನನ್ನ ಬೆಂಚಲ್ಲೇ ಕೂರ್ತಿದ್ದವನಿಗೆ ಸಿಇಟೀಲಿ 110 ಅಷ್ಟೇ, ಆದ್ರೆ ಪಿಸಿಎಂ 285. ರ‍್ಯಾಂಕಿಗೆ ಎರಡನ್ನೂ ಅರ್ಧರ್ಧ ತಗೋತಾರಲ್ಲ, ನಂದು 70.8 ಆಯ್ತು, ಅವನದು 78. ಅವನು ಬೆಂಗಳೂರಲ್ಲಿ ಕೇಳಿದ ಬ್ರಾಂಚ್ ತಗೊಂಡ, ನಾನು ಆಪ್ಷನ್ ಎಂಟ್ರೀಲಿ, ಅಂದ್ರೆ ಬೇಕಾದ ಕಾಲೇಜುಗಳ ಪಟ್ಟೀಲಿ, ಮೇಲೆ ಹಾಕಿದ್ದ ಒಂದು ಕಾಲೇಜೂ ಸಿಗದೆ ಕೆಳಗಿಂದು ಸೇರಿದೆ.

ತಪ್ಪು ಎಲ್ಲಾಯ್ತು ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವೂ ಅದನ್ನೇ ಮಾಡ್ತಿರಬಹುದು. ನಾನು ಓದಿರಲಿಲ್ಲ ಅಂತಲ್ಲ, ಬರೆಯೋದನ್ನ ಕಲಿತಿರಲಿಲ್ಲ. ಇಂಟಿಗ್ರೇಷನ್ ಬಂದ್ರೆ ನಾಲ್ಕು ಆಪ್ಷನ್ನೂ ಡಿಫರೆನ್ಷಿಯೇಟ್ ಮಾಡಿ ಯಾವುದು ಕೂಡುತ್ತೆ ನೋಡ್ತಿದ್ದೆ, ಸಿಇಟೀಲಿ ಅದು ಸಾಕು, ಬೋರ್ಡ್ ಪೇಪರಿನ ದೊಡ್ಡ ಪ್ರಶ್ನೆಗಳಿಗೆ ಆಪ್ಷನ್ನೇ ಇರಲ್ಲ, ಸಬ್‌ಸ್ಟಿಟ್ಯೂಷನ್‌ನಿಂದ ಹಿಡಿದು ಕೊನೆಯ C ತನಕ ಪ್ರತಿ ಸ್ಟೆಪ್ಪಿಗೂ ಮಾರ್ಕ್ಸ್. ಲೆನ್ಸ್ ಮೇಕರ್ ಫಾರ್ಮುಲಾ ಬಾಯಿಗೆ ಬರ್ತಿತ್ತು, ಡಿರೈವ್ ಮಾಡು ಅಂದಾಗ ಡಯಾಗ್ರಮ್ಮೇ ಬರಲಿಲ್ಲ. ಕೆಮಿಸ್ಟ್ರೀಲಿ ರಿಯಾಕ್ಷನ್ ಬರೆದು ಕಂಡೀಷನ್ ಬಿಟ್ಟಿದ್ದೆ. ಹೀಗೆ ಗೊತ್ತಿರೋ ಪ್ರಶ್ನೆಗಳಲ್ಲೇ ಒಂದು, ಎರಡು ಅಂತ ಉದುರಿ ಹೋದ್ವು. ಲೆಕ್ಕ ಹಾಕಿ ನೋಡಿ, ಪಿಯುಸಿಯ 5 ಮಾರ್ಕ್ಸ್ ಅಂದ್ರೆ ಸಿಇಟಿಯ 3 ಪ್ರಶ್ನೆ. 140ನ 143 ಮಾಡೋಕೆ ಬೆವರು ಬರುತ್ತೆ, 195ನ 200 ಮಾಡೋದು ಒಂದು ಡಿರೈವೇಷನ್ ಕೆಲಸ.

ಅದಕ್ಕೇ "ಸಿಇಟಿ ಸ್ಕೋರ್ ಪಿಯುಸಿ ಮಾರ್ಕ್ಸನ್ನ ಮುಚ್ಚುತ್ತಾ" ಅನ್ನೋ ನಿಮ್ಮ ಪ್ರಶ್ನೆನೇ ನಂಗೆ ಸರಿ ಅನ್ಸಲ್ಲ. ಮುಚ್ಚೋದು ಏನೂ ಇಲ್ಲ, ಎರಡೂ ಸೇರೇ ರ‍್ಯಾಂಕ್. ಬರೀ ಸಿಇಟಿ ಮೇಲೆ ರ‍್ಯಾಂಕ್ ಕೊಟ್ರಂತೆ ಅಂತ ಯಾರಾದ್ರೂ ಹೇಳಿದ್ರೆ ಅದು 2021ರ ಕೊರೊನಾ ಬ್ಯಾಚ್, ಅವರಿಗೆ ಬೋರ್ಡ್ ಪರೀಕ್ಷೆನೇ ನಡೆದಿರಲಿಲ್ಲ. ಸುರತ್ಕಲ್ ಎನ್‌ಐಟಿ ಆಸೆ ಇದ್ರೆ ಜೆಇಇ ಚೆನ್ನಾಗಾದ್ರೂ ಸಾಲಲ್ಲ, ಜನರಲ್ ಕೆಟಗರಿಗೆ ಬೋರ್ಡಲ್ಲಿ 75% ಇರಬೇಕು ಅಥವಾ ಬೋರ್ಡಿನ ಟಾಪ್ 20 ಪರ್ಸೆಂಟೈಲ್ ಒಳಗಿರಬೇಕು, ಅದರಲ್ಲಿ ಭಾಷೆ ಮಾರ್ಕ್ಸೂ ಸೇರುತ್ತೆ, ಕನ್ನಡ ಪೇಪರನ್ನ ಹಗುರ ಮಾಡ್ಬೇಡಿ.

ನಿಮ್ಮಂಥವರಿಗೆ ನಿಜವಾಗ್ಲೂ ಕೂಡಿಬರೋದು ಕಾಮೆಡ್‌ಕೆ, ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ. ಅಲ್ಲಿ ಪಿಸಿಎಂ ಬರೀ ಅರ್ಹತೆಗೆ, ರ‍್ಯಾಂಕ್ ಪೂರ್ತಿ ಟೆಸ್ಟ್ ಮೇಲೆ, ನೆಗೆಟಿವ್ ಮಾರ್ಕಿಂಗೂ ಇಲ್ಲ. ಆರ್‌ವಿ, ಬಿಎಂಎಸ್, ರಾಮಯ್ಯ ಎಲ್ಲಾ ಅದರಲ್ಲಿವೆ. ಫೀಸ್ ಮಾತ್ರ ಸಿಇಟಿ ಸೀಟಿಗಿಂತ ಬಹಳ ಜಾಸ್ತಿ, ಮನೇಲಿ ಈಗಲೇ ಮಾತಾಡಿ.

ಡ್ರಾಪ್ ಬೇಡ, ಖಂಡಿತ ಬೇಡ. ವರ್ಷ ಪೂರ್ತಿ ಕೋಚಿಂಗಲ್ಲಿ ಕೂತು ನಿಮಗೆ ಆಗಲೇ ಬರೋ ಆಪ್ಷನ್ ಆರಿಸೋ ಪ್ರಶ್ನೆಗಳನ್ನೇ ಮತ್ತೆ ಮಾಡ್ತೀರಿ. ನಮ್ಮ ಕಾಲದಲ್ಲಿ ಇಲ್ಲದ ಅನುಕೂಲ ನಿಮಗಿದೆ, 2024ರಿಂದ ಬೋರ್ಡಲ್ಲಿ ಪರೀಕ್ಷೆ 1, ಪರೀಕ್ಷೆ 2 ಅಂತ ಒಂದಕ್ಕಿಂತ ಹೆಚ್ಚು ಅವಕಾಶ, ಜಾಸ್ತಿ ಬಂದ ಮಾರ್ಕ್ಸೇ ಉಳಿಯುತ್ತೆ. ಪರೀಕ್ಷೆ 2ರ ಮಾರ್ಕ್ಸ್ ರ‍್ಯಾಂಕಿಗೆ ಹೇಗೆ ಸೇರುತ್ತೆ ಅನ್ನೋದಕ್ಕೆ ಸಿಇಟಿ ನಡೆಸೋ ಕೆಇಎ ಆ ವರ್ಷ ಹೊರಡಿಸೋ ಪ್ರಕಟಣೆ ನೋಡ್ಕೊಳ್ಳಿ. ಅದಕ್ಕೂ ಮುಂಚೆ ಪ್ರಿಪರೇಟರಿ ಆನ್ಸರ್ ಶೀಟ್ ತೆಗೆದು ಎಲ್ಲೆಲ್ಲಿ ಅರ್ಧರ್ಧ ಮಾರ್ಕ್ಸ್ ಹೋಗಿದೆ ಅಂತ ಗುರುತು ಹಾಕಿ ನಿಮ್ಮ ಲೆಕ್ಚರರ್ ಹತ್ರ ಹೋಗಿ.