ಬಡ ಜಿಲ್ಲೆಗಳಲ್ಲೇ ಗಲಭೆ ಕಡಿಮೆ: ಲೆಕ್ಕ ಯಾಕೆ ಕೂಡುತ್ತಿಲ್ಲ?

ಬಹುಶಃ ನೀವು ಬಡತನದ ಮಟ್ಟವನ್ನಷ್ಟೇ ಅಳೆದಿದ್ದೀರಿ, ತೊಡಕು ಅಲ್ಲೇ ಇದೆ. ತೀರಾ ಬಡ ಜಿಲ್ಲೆಗಳಲ್ಲಿ ಗಲಭೆ ಕಡಿಮೆ ಕಾಣುತ್ತಿದೆ, ಆರ್ಥಿಕ ಸಂಕಷ್ಟದಿಂದ ಗಲಭೆ ಹುಟ್ಟುತ್ತದೆ ಅನ್ನುವ ನಿಮ್ಮ ಪ್ರಬಂಧದ ವಾದವೇ ತಪ್ಪಾ ಅಂತ ಕೇಳಿದ್ದೀರಿ. ವಾದ ಬಿಡಬೇಡಿ. ಇದ್ದದ್ದು ಕೈತಪ್ಪಿದಾಗ, ಪಕ್ಕದವರಿಗೆ ಸಿಕ್ಕಿದ್ದು ತಮಗೆ ಸಿಗದಿದ್ದಾಗ ಜನರ ಸಿಟ್ಟು ಜಾಸ್ತಿ ಏರುತ್ತದೆ.

ಮೊದಲು ಏರುಪೇರು ನೋಡಿ: ಒಂದೆರಡು ವರ್ಷದಲ್ಲಿ ಕೂಲಿ, ಕೆಲಸ, ಆಹಾರದ ಬೆಲೆ ಎಷ್ಟು ಬದಲಾಯಿತು? 2008ರಲ್ಲಿ ಹೈಟಿಯ ಜನ ಬೀದಿಗಿಳಿದದ್ದು ಆಹಾರದ ಬೆಲೆ ಏರಿದಾಗ.

ಆಮೇಲೆ ಆದಾಯವನ್ನು ಗುಂಪುವಾರು ಬಿಡಿಸಿ. ಗುಂಪುಗಳ ನಡುವಿನ ಅಂತರವನ್ನು ಸರಾಸರಿ ಮುಚ್ಚಿಬಿಡುತ್ತದೆ. ಭಾಷೆ, ಧರ್ಮ, ಜನಾಂಗದ ಗೆರೆಯ ಮೇಲೇ ಆರ್ಥಿಕ ಅಂತರವೂ ಬಿದ್ದರೆ ಅಪಾಯ ಜಾಸ್ತಿ ಅಂತ ಅರ್ಥಶಾಸ್ತ್ರಜ್ಞೆ ಫ್ರಾನ್ಸಿಸ್ ಸ್ಟೀವರ್ಟ್ ಒತ್ತಿ ಹೇಳಿದ್ದಾರೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ.

ಹಣದ ಮೂಲವನ್ನೂ ನೋಡಿ. ಕೊಲಂಬಿಯಾದಲ್ಲಿ ಕಾಫಿ ಬೆಲೆ ಬಿದ್ದಾಗ ಕಾಫಿ ಬೆಳೆಯುವ ಕಡೆ ಹಿಂಸೆ ಏರಿತು. ತೈಲದ ಬೆಲೆ ಏರಿದಾಗ ತೈಲ ಸಿಗುವ ಕಡೆಯೂ ಏರಿತು. ಡ್ಯೂಬ್ ಮತ್ತು ವರ್ಗಾಸ್ ಎಂಬ ಅರ್ಥಶಾಸ್ತ್ರಜ್ಞರು 2013ರ ಅಧ್ಯಯನದಲ್ಲಿ ಇದನ್ನು ತೋರಿಸಿದರು. ಒಂದು ಕಡೆ ಕೂಲಿ ಕುಸಿಯಿತು, ಇನ್ನೊಂದು ಕಡೆ ಕಿತ್ತುಕೊಳ್ಳಲು ಹಣ ಬಂತು.

ಇಷ್ಟಾದರೂ ಕಾರಣ ಇದೇ ಅಂತ ಖಚಿತವಾಗಿ ಹೇಳುವುದು ಕಷ್ಟ, ಗಲಭೆಯೂ ಆದಾಯವನ್ನು ಕೆಡಿಸುತ್ತದೆ ಅಲ್ವಾ? ಅದಕ್ಕೇ ಈ ವರ್ಷದ ಗಲಭೆಯನ್ನು ಹಿಂದಿನ ವರ್ಷದ ಆದಾಯದ ಜೊತೆ ಹೋಲಿಸಿ.